ಎರಿ ಹೊಲದ ಹಕ್ಕಿ, ಬದುವಿನ ಹುಳ: ಕಲಬುರಗಿ ಸೀಮೆಯಲ್ಲಿ ಕಾಲಕ್ಕೆ ತಕ್ಕಂತೆ ಫೋಟೋ ತೆಗೆಯುವ ಬಗೆ

ಏಪ್ರಿಲ್ ತಿಂಗಳು, ಬೆಳಿಗ್ಗೆ ಒಂಬತ್ತೂವರೆ. ಎರಿ (ಕಪ್ಪು ಮಣ್ಣಿನ) ಹೊಲದ ಆಚೆ ಬದುವಿನ ಜಾಲಿಯ ಮೇಲೆ ನೀಲಕಂಠ ಕೂತಿದೆ, ನಲವತ್ತು ಮೀಟರ್ ದೂರ. 600 ಎಂ.ಎಂ. ಲೆನ್ಸು, ಗಟ್ಟಿ ಟ್ರೈಪಾಡ್, 1/2000 ಸೆಕೆಂಡಿನ ಶಟರ್, ಎಲ್ಲವೂ ಇದೆ. ಆದರೂ ತೆಗೆದ ಐವತ್ತು ಚಿತ್ರಗಳಲ್ಲಿ ಒಂದರಲ್ಲೂ ಹಕ್ಕಿಯ ಕಣ್ಣು ಚೂಪಾಗಿ ಬಂದಿರುವುದಿಲ್ಲ. ಇದನ್ನು ನೋಡಿ ಲೆನ್ಸನ್ನು ರಿಪೇರಿಗೆ ಕೊಟ್ಟವರಿದ್ದಾರೆ. ಲೆನ್ಸಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಕಪ್ಪು ಮಣ್ಣು ಬಿಸಿಲು ಹೀರಿ ಬೇಗ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಬಿಸಿ ಮತ್ತು ತಂಪು ಗಾಳಿ ಬೆರೆಯುವಲ್ಲಿ ಬೆಳಕು ಒಂದೇ ದಾರಿಯಲ್ಲಿ ಬರದೆ ಅಲ್ಲಲ್ಲಿ ಬಾಗುತ್ತದೆ. ದೂರದ ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುವುದೂ ಇದರಿಂದಲೇ. ದುಬಾರಿ ಲೆನ್ಸಿಗೂ ಕೈನಡುಕ ತಡೆಯುವ ಸೌಲಭ್ಯಕ್ಕೂ ಇದು ಬಗ್ಗುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಫೋಟೋಗ್ರಫಿಯಲ್ಲಿ ಅರ್ಧ ಕೆಲಸ ಹೊತ್ತನ್ನು ಆರಿಸುವುದು, ಉಳಿದರ್ಧ ಬೆಳೆ ನೋಡಿ ಜಾಗ ಆರಿಸುವುದು. ಕ್ಯಾಮರಾದ ಮಾತು ಆಮೇಲೆ.

ಬಿಸಿಗಾಳಿಯ ಲೆಕ್ಕ

ಕ್ಯಾಮರಾದ ಹಿಂದಿನ ಪರದೆಯಲ್ಲಿ ಹಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿ. ಕೊಂಬೆಯ ಅಂಚು ನೀರಿನಡಿ ಇದ್ದಂತೆ ಕುಣಿಯುತ್ತಿದ್ದರೆ ಆ ದೂರದ ಹಕ್ಕಿಯನ್ನು ಬಿಟ್ಟುಬಿಡಿ. ಮಾರ್ಚ್‌ನಿಂದ ಮೇ ತನಕ ದೂರದ ಹಕ್ಕಿಗೆ ಸಿಗುವುದು ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ಮಾತ್ರ. ಏಪ್ರಿಲಿನಲ್ಲಿ ಅದು ಹೆಚ್ಚುಕಡಿಮೆ ಎಂಟೂವರೆಗೇ ಮುಗಿಯುತ್ತದೆ. ಆಮೇಲೂ ಕೆಲಸ ಮುಂದುವರಿಸಬೇಕೆಂದರೆ ಹನ್ನೆರಡು–ಹದಿನೈದು ಮೀಟರ್ ಒಳಗಿನ ಹಕ್ಕಿಗಳನ್ನಷ್ಟೇ ನೋಡಿ. ಬರಿ ನೆಲದ ಬದಲು ಹುಲ್ಲು, ಹಸಿ ಪೈರು ಅಥವಾ ನೀರಿನ ಮೇಲಿಂದ ಗುರಿಯಿಡಿ. ಬಿಸಿಗಾಳಿಯ ಆಟ ನೆಲಕ್ಕೆ ಹತ್ತಿದಷ್ಟೂ ಜೋರು. ಹಾಗಾಗಿ ಹೊಟ್ಟೆಯ ಮೇಲೆ ಮಲಗಿ ತೆಗೆಯುವ ಚಂದದ ಕೋನವನ್ನು ಬೇಸಿಗೆಯ ಮುಂಜಾನೆ ಬಿಟ್ಟು ಉಳಿದ ಹೊತ್ತಿನಲ್ಲಿ ಮರೆಯಬೇಕು.

ಕಾರಿನಿಂದ ತೆಗೆಯುವವರು ಇನ್ನೊಂದು ತಪ್ಪು ಮಾಡುತ್ತಾರೆ. ಒಳಗೆ ಎಸಿ ಹಾಕಿ, ಕಿಟಕಿ ಇಳಿಸಿ, ಲೆನ್ಸ್ ಹೊರಗಿಡುತ್ತಾರೆ. ಒಳಗಿನ ತಂಪು ಗಾಳಿ, ಹೊರಗಿನ ಬಿಸಿ ಗಾಳಿ ಎರಡೂ ಲೆನ್ಸಿನ ಮುಂದೆಯೇ ಬೆರೆಯುತ್ತವೆ, ಹತ್ತು ಮೀಟರಿನ ಹಕ್ಕಿಯೂ ಮಸುಕಾಗುತ್ತದೆ. ಎಸಿ ಮತ್ತು ಎಂಜಿನ್ ಬಂದ್ ಮಾಡಿ, ಎಲ್ಲ ಕಿಟಕಿ ತೆರೆದು ಹತ್ತು ನಿಮಿಷ ಬಿಟ್ಟು ಶುರುಮಾಡಿ. ಬಾನೆಟ್ಟಿನ ಮೇಲಿಂದ ಗುರಿಯಿಡಬೇಡಿ. ಜನವರಿಯ ಚಳಿಯಲ್ಲಿ ಹೀಟರ್ ಹಾಕಿದರೂ ಇದೇ ಪಾಡು.

ಸಾಮಾನು ಎಷ್ಟು ಬೇಕು

ಹಕ್ಕಿಗೆ 300 ಎಂ.ಎಂ. ಕನಿಷ್ಠ, 400ರಿಂದ 600 ಆದರೆ ನೆಮ್ಮದಿ. ಹುಳಕ್ಕೆ 90 ಅಥವಾ 100 ಎಂ.ಎಂ. ಮ್ಯಾಕ್ರೋ ಲೆನ್ಸು. ಮೊಬೈಲ್ ಒಂದೇ ಇದ್ದವರು ಹುಳದಿಂದ ಶುರುಮಾಡುವುದೇ ಜಾಣತನ: ಕ್ಲಿಪ್ ಹಾಕಿ ಕೂರಿಸುವ ಮ್ಯಾಕ್ರೋ ಗಾಜು ಕೊಂಡರೆ ಎರಡು–ಮೂರು ಸೆಂ.ಮೀ. ಹತ್ತಿರದಿಂದ ಒಳ್ಳೆಯ ಚಿತ್ರ ಬರುತ್ತದೆ. ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿ ಹಕ್ಕಿ ತೆಗೆದರೆ ಬಣ್ಣದ ಕಲೆ ಮಾತ್ರ ಸಿಗುತ್ತದೆ.

ಹಕ್ಕಿಗೆ ಕ್ಯಾಮರಾವನ್ನು ಮ್ಯಾನ್ಯುವಲ್‌ನಲ್ಲಿಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮರಾ ಸ್ಪಂದಿಸುವ ಮಟ್ಟ) ಮಾತ್ರ ಆಟೋದಲ್ಲಿ ಬಿಡಿ. ಶಟರ್ ಕೂತ ಹಕ್ಕಿಗೆ 1/500ರಿಂದ 1/800, ಹಾರುವುದಕ್ಕೆ 1/2000, ಕಳ್ಳಿಪೀರದಂಥ ಚುರುಕಿನವಕ್ಕೆ 1/3200. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಸಂಖ್ಯೆ ಏರಿದಷ್ಟೂ ಅದು ಸಣ್ಣದು) ಎಫ್/5.6ರಿಂದ ಎಫ್/8. ಐಎಸ್‌ಒ 1600 ಆಯಿತೆಂದು ಹೆದರಿ ಶಟರ್ ಇಳಿಸಬೇಡಿ. ಕಾಳುಕಾಳಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ತಿದ್ದಬಹುದು, ಅಲ್ಲಾಡಿದ್ದನ್ನು ತಿದ್ದಲಾಗದು.

ಬೆಳಕಿನ ಅಳತೆಯಲ್ಲಿ ಈ ಮಣ್ಣು ಕ್ಯಾಮರಾವನ್ನು ದಿನಾ ಮೋಸಗೊಳಿಸುತ್ತದೆ. ಚೌಕಟ್ಟಿನ ತುಂಬ ಕಪ್ಪು ಮಣ್ಣು, ನಡುವೆ ಸಣ್ಣದಾಗಿ ಬೆಳ್ಳಕ್ಕಿ. ದೃಶ್ಯ ಕತ್ತಲಾಗಿದೆ ಎಂದುಕೊಂಡು ಕ್ಯಾಮರಾ ಬೆಳಕು ಹೆಚ್ಚಿಸುತ್ತದೆ, ಬೆಳ್ಳಕ್ಕಿಯ ಗರಿ ಸುಣ್ಣ ಬಳಿದಂತೆ ಆಗುತ್ತದೆ. ಇಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮರಾ ಅಳೆದ ಬೆಳಕನ್ನು ನಾವೇ ಏರಿಸುವ, ಇಳಿಸುವ ಸೌಲಭ್ಯ) −1 ಅಥವಾ −1.3. ಕರೆಂಟಿನ ತಂತಿಯ ಮೇಲೆ ಕಾಜಾಣ, ಹಿಂದೆ ಬೆಳ್ಳಗಿನ ಆಕಾಶ ಎಂದರೆ ಇದರ ತಿರುಗುಮುರುಗು, +1.3 ಕೊಡದಿದ್ದರೆ ಇದ್ದಿಲ ತುಂಡಿನ ಚಿತ್ರ ಬರುತ್ತದೆ.

ಬೇಸಿಗೆ: ನೀರಿಟ್ಟು ಕಾಯುವ ಕಾಲ

ಮೇ ತಿಂಗಳಲ್ಲಿ 43–44 ಡಿಗ್ರಿ ಬಿಸಿಲಿನಲ್ಲಿ ಹಕ್ಕಿ ಹುಡುಕಿಕೊಂಡು ತಿರುಗುವುದು ಮೈಗೂ ಕ್ಯಾಮರಾಗೂ ಕೇಡು. ಹಕ್ಕಿಯೇ ನಾವಿದ್ದಲ್ಲಿಗೆ ಬರುವಂತೆ ಮಾಡಬಹುದು. ಹಿತ್ತಲು, ಹೊಲದ ಬಾವಿ ಕಟ್ಟೆ, ಶಾಲೆಯ ಆವರಣ, ಎಲ್ಲಿ ಬೇವಿನ ನೆರಳಿದೆಯೋ ಅಲ್ಲಿ ಇದು ನಡೆಯುತ್ತದೆ.

1. ನೀರಿನ ತಟ್ಟೆಯನ್ನು ಪೊದೆಯಿಂದ ಒಂದೂವರೆ, ಎರಡು ಮೀಟರ್ ದೂರದಲ್ಲಿ, ನೆಲದಿಂದ ಎರಡೂವರೆ–ಮೂರು ಅಡಿ ಎತ್ತರದ ಕಲ್ಲುಗಳ ಮೇಲಿಡಿ. ಪೊದೆಗೆ ಒತ್ತಿ ಇಟ್ಟರೆ ಬೆಕ್ಕು ಹೊಂಚುಹಾಕುತ್ತದೆ. ತೀರ ಬಯಲಿನಲ್ಲಿಟ್ಟರೆ ಗಿಡುಗದ ಅಂಜಿಕೆಗೆ ಸಣ್ಣ ಹಕ್ಕಿ ಇಳಿಯುವುದಿಲ್ಲ.

2. ತಟ್ಟೆ ಮಣ್ಣಿನದಿರಲಿ, ಒಂದೂಕಾಲು ಅಡಿ ಅಗಲ, ನೀರು ಎರಡು ಇಂಚಿಗಿಂತ ಆಳ ಬೇಡ. ಒಂದು ಬದಿಗೆ ಸಣ್ಣ ಕಲ್ಲು ಹಾಕಿ ಇಳಿಜಾರು ಮಾಡಿ. ಇಲ್ಲದಿದ್ದರೆ ಜೇನ್ನೊಣಗಳು ಮುಳುಗಿ ಸಾಯುತ್ತವೆ. ಸ್ಟೀಲ್ ಪರಾತ ಬೇಡ, ಕಾಯುತ್ತದೆ, ಹೊಳಪು ಹೊಡೆದು ಚಿತ್ರವನ್ನೂ ಕೆಡಿಸುತ್ತದೆ.

3. ತಟ್ಟೆಯಿಂದ ಒಂದು ಅಡಿ ಆಚೆ ಒಣಗಿದ ಜಾಲಿಯ ಕೊಂಬೆ ನೆಡಿ. ಹಕ್ಕಿ ನೇರ ನೀರಿಗೆ ಬೀಳುವುದಿಲ್ಲ, ಮೊದಲು ಕೂತು ಸುತ್ತ ನೋಡುತ್ತದೆ. ನಿಮಗೆ ಬೇಕಾದ ಚಿತ್ರ ಆ ಕೊಂಬೆಯ ಮೇಲಿನದು.

4. ಕೊಂಬೆಯ ಹಿಂದೆ ನಾಲ್ಕೈದು ಮೀಟರ್ ಖಾಲಿ ಇರಲಿ. ಗೋಡೆಯೋ ಬೇಲಿಯೋ ಒಂದೇ ಮೀಟರಿನಲ್ಲಿದ್ದರೆ ಹಿನ್ನೆಲೆ ಕರಗುವುದಿಲ್ಲ.

5. ಐದಾರು ಮೀಟರ್ ದೂರದಲ್ಲಿ ನಾಲ್ಕು ಬಿದಿರು ಹುಗಿದು ಹಸಿರು ಶೇಡ್ ನೆಟ್ ಸುತ್ತಿ, ಮುಂದೆ ಲೆನ್ಸ್ ತೂರುವಷ್ಟು ಕಿಂಡಿ ಬಿಡಿ. ಕಿಂಡಿ ತಟ್ಟೆಯ ಮಟ್ಟಕ್ಕೇ ಇರಲಿ. ಹಳೆ ಗೋಣಿತಟ್ಟೂ ನಡೆಯುತ್ತದೆ, ಸೆಕೆ ಮಾತ್ರ ಹೆಚ್ಚು.

ಮೊದಲ ಮೂರು ದಿನ ಒಳಗೆ ಕೂರಬೇಡಿ. ನೀರು ತುಂಬಿ ಬನ್ನಿ, ಸಾಕು. ಹಕ್ಕಿಗಳಿಗೆ ಮರೆ ರೂಢಿಯಾಗಬೇಕು. ನೀರನ್ನು ದಿನಾ ಚೆಲ್ಲಿ ತುಂಬಿ. ಸೊಳ್ಳೆಯ ಮೊಟ್ಟೆ ವಾರ–ಹತ್ತು ದಿನದಲ್ಲಿ ಸೊಳ್ಳೆಯಾಗಿ ಏಳುತ್ತದೆ. ಪಿಕಳಾರ, ಹರಟೆಮಲ್ಲ, ಬೆಳವ, ಗುಬ್ಬಿಗಳು ಬೆಳಿಗ್ಗೆ ಹತ್ತರ ಸುಮಾರಿಗೆ, ಮತ್ತೆ ಮೂರರಿಂದ ಐದರೊಳಗೆ ಹೆಚ್ಚು ಬರುತ್ತವೆ. ಮೊಬೈಲಿನವರಿಗೂ ಇಲ್ಲಿ ದಾರಿ ಇದೆ: ಫೋನನ್ನು ತಟ್ಟೆಯಿಂದ ಎರಡಡಿಗೆ ಸಣ್ಣ ಸ್ಟ್ಯಾಂಡಿನಲ್ಲಿ, ನೆರಳಿನಲ್ಲಿ ನಿಲ್ಲಿಸಿ ಬ್ಲೂಟೂತ್ ಬಟನ್ ಹಿಡಿದು ಮನೆಯೊಳಗೆ ಕೂರಿ. ಕ್ಲಿಕ್ ಸದ್ದು ಬಂದ್ ಮಾಡುವುದನ್ನು ಮರೆಯಬೇಡಿ.

ಬೇಸಿಗೆಯಲ್ಲಿ ಮಡ್ಡಿಯ ಮೇಲೆ ನಡೆಯುವಾಗ ಟಿಟ್ಟಿಭ ತಲೆಯ ಮೇಲೆ ಸುತ್ತಿ ಕೂಗತೊಡಗಿದರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಬರಿ ನೆಲದ ಗರಸಿನ ನಡುವೆ ಅದರ ಮೊಟ್ಟೆ ಇರುತ್ತದೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯದು. ತಾಯಿ ಮೇಲೆ ನಿಂತು ನೆರಳು ಕೊಡುತ್ತದೆ, ಎದೆಯ ಗರಿ ನೀರಿನಲ್ಲಿ ತೋಯಿಸಿಕೊಂಡು ಬಂದು ತಂಪು ಮಾಡುತ್ತದೆ. ನೀವು ಫೋಟೋಕ್ಕೆಂದು ಅರ್ಧ ತಾಸು ಹತ್ತಿರ ಕೂತರೆ ಮೊಟ್ಟೆ ಅಷ್ಟರಲ್ಲೇ ಬೆಂದುಹೋಗಬಹುದು. ನೆಲಗುಬ್ಬಿಯ ಗೂಡಿಗೂ ಇದೇ ಮಾತು.

ಮಿರಗದ ಮಳೆ: ಹುಳದ ಕಾಲ

ರೋಹಿಣಿಯ ಕೊನೆಗೆ, ಜೂನ್ 7–8ಕ್ಕೆ ಮಿರಗ (ಮೃಗಶಿರಾ ಮಳೆ) ಕೂಡುವ ಹೊತ್ತಿಗೆ ಚಾತಕದ ಕೂಗು ಕೇಳತೊಡಗಿದರೆ ಮ್ಯಾಕ್ರೋ ಲೆನ್ಸ್ ಹೊರಗೆ ತೆಗೆಯಿರಿ. ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಮೊದಲು ಏಳುವುದು ಮಖಮಲ್ಲಿನಂಥ ಕೆಂಪು ಹುಳ. ಎಂಟು ಕಾಲಿನ ಪ್ರಾಣಿ ಅದು, ಲೆಕ್ಕಕ್ಕೆ ಕೀಟವಲ್ಲ, ಜೇಡದ ಬಳಗ. ಬಿಸಿಲು ಏರುವ ಮುನ್ನ ಸಡಿಲ ಮಣ್ಣಿನ ಮೇಲೆ ಸಿಗುತ್ತದೆ, ಆಮೇಲೆ ಮಾಯ. ಇದರ ಚಿತ್ರ ಹತ್ತಕ್ಕೆ ಒಂಬತ್ತು ಸಲ ಕೆಡುವುದು ಬಣ್ಣದಲ್ಲಿ: ಕೆಂಪು ಉಕ್ಕಿ, ಮಖಮಲ್ಲಿನ ಕೂದಲೆಲ್ಲ ಅಳಿಸಿ, ಕುಂಕುಮದ ಉಂಡೆಯಂತೆ ಕಾಣುತ್ತದೆ. −0.7 ಕೊಟ್ಟು ತೆಗೆಯಿರಿ. ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮೂರೂ ಬಣ್ಣ ಬೇರೆಬೇರೆ ತೋರಿಸುವ ಆಯ್ಕೆ ಹಾಕಿಕೊಂಡು ಕೆಂಪು ಗೆರೆ ಬಲ ಗೋಡೆಗೆ ಬಡಿಯದಂತೆ ನೋಡಿಕೊಳ್ಳಿ.

ಮ್ಯಾಕ್ರೋದಲ್ಲಿ ಎಲ್ಲರನ್ನೂ ಸೋಲಿಸುವುದು ಫೋಕಸ್ಸಿನ ಆಳ. ಹುಳ ಸೆನ್ಸರಿನ ಮೇಲೆ ತನ್ನ ನಿಜಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದಿರಿ ಎನ್ನಿ. ಎಪಿಎಸ್-ಸಿ (ಸ್ವಲ್ಪ ಸಣ್ಣ ಸೆನ್ಸರಿನ) ಕ್ಯಾಮರಾದಲ್ಲಿ ಎಫ್/11 ಇಟ್ಟರೂ ಚೂಪಾಗಿ ಬರುವ ಪಟ್ಟಿ ಒಂದು ಮಿಲಿಮೀಟರೂ ಇರುವುದಿಲ್ಲ. ಅರ್ಧ ಗಾತ್ರಕ್ಕೆ ಹಿಂದೆ ಸರಿದರೆ ಎರಡೂವರೆ ಮಿ.ಮೀ. ಆಗುತ್ತದೆ. ಆದ್ದರಿಂದ ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕತ್ತರಿಸುವುದು ಲಾಭ. ಎಫ್/22 ಇಟ್ಟರೆ ಆಳ ಹೆಚ್ಚುತ್ತದೆ, ಆದರೆ ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೆದುವಾಗುತ್ತದೆ. ಆಟೋಫೋಕಸ್ ಬಿಟ್ಟು ಲೆನ್ಸಿನ ದೂರವನ್ನು ಒಂದು ಕಡೆ ನಿಲ್ಲಿಸಿ, ಮೈಯನ್ನು ಹಿಂದೆಮುಂದೆ ತೂಗುತ್ತ ಹುಳದ ಕಣ್ಣು ಚೂಪಾದ ಕ್ಷಣಕ್ಕೆ ಒತ್ತಿ. ಕ್ಯಾಮರಾವನ್ನು ಹುಳದ ಬೆನ್ನಿಗೆ ಸಮಾನಾಂತರ ಹಿಡಿದರೆ ತಲೆಯಿಂದ ಬಾಲದವರೆಗೆ ಒಂದೇ ಪಟ್ಟಿಯಲ್ಲಿ ಸಿಗುತ್ತದೆ.

ಬೆಳಕಿಗೆ ಫ್ಲಾಶ್ ಬೇಕೇ ಬೇಕು, ಬರಿ ಫ್ಲಾಶ್ ಮಾತ್ರ ಬೇಡ. ಜಾಲಿ ಗಿಡದ ಮೇಲೆ ಮಳೆಗಾಲದಲ್ಲಿ ಸಿಗುವ ಹಸಿರು ಮಿರುಗಿನ ಜ್ಯುವೆಲ್ ಬೀಟಲ್ ಮೇಲೆ ನೇರ ಫ್ಲಾಶ್ ಬಿದ್ದರೆ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ, ಸುತ್ತ ಕತ್ತಲೆ. ಹತ್ತು ಇಂಚು ಉದ್ದ, ಎಂಟು ಇಂಚು ಅಗಲದ ತೆಳು ರಟ್ಟಿನ ಚೌಕಟ್ಟು ಮಾಡಿ ಎರಡು ಪದರ ಟ್ರೇಸಿಂಗ್ ಪೇಪರ್ ಅಂಟಿಸಿ. ಇನ್ನೊಂದು ರಟ್ಟಿನ ಒಳಬದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಫ್ಲಾಶಿನಿಂದ ಈ ಚೌಕಟ್ಟಿನವರೆಗೆ ಚಾವಣಿಯಂತೆ ಬಾಗಿಸಿ ರಬ್ಬರ್ ಬ್ಯಾಂಡ್ ಹಾಕಿ. ಪೇಪರು ಲೆನ್ಸಿನ ತುದಿಯ ಮೇಲೆ, ಹುಳಕ್ಕೆ ಆದಷ್ಟು ಹತ್ತಿರ ಬರಬೇಕು. ಹತ್ತಿರ ಮತ್ತು ದೊಡ್ಡದು ಇದ್ದಷ್ಟೂ ಬೆಳಕು ಮೆದು. 1/200, ಎಫ್/11, ಐಎಸ್‌ಒ 200, ಫ್ಲಾಶ್ ಕಾಲು ಶಕ್ತಿಯಿಂದ ಶುರುಮಾಡಿ ಪರದೆ ನೋಡಿ ಏರಿಸಿ, ಇಳಿಸಿ. ಹಿನ್ನೆಲೆ ಪೂರ್ತಿ ಕಪ್ಪಾದರೆ ಹುಳದ ಹಿಂದೆ ಒಂದು ಎಲೆ ಬರುವಂತೆ ಕೋನ ಬದಲಿಸಿ.

ಅಭ್ಯಾಸಕ್ಕೆ ಎಕ್ಕದ ಗಿಡದಂಥ ಜಾಗ ಇನ್ನೊಂದಿಲ್ಲ, ಊರ ಹೊರಗಿನ ತಿಪ್ಪೆಯ ಬದಿಗೂ ಬೆಳೆದಿರುತ್ತದೆ. ನೀಲಿ–ಹಳದಿ ಪಟ್ಟೆಯ ಎಕ್ಕದ ಮಿಡತೆ, ಕಪ್ಪು–ಬಿಳಿ–ಹಳದಿ ಉಂಗುರದ ಪ್ಲೇನ್ ಟೈಗರ್ ಚಿಟ್ಟೆಯ ಹುಳ, ಎರಡೂ ಮಂದಗತಿಯವು. ಎಕ್ಕದ ವಿಷದಿಂದ ರಕ್ಷಣೆ ಇರುವುದರಿಂದ ಅವಕ್ಕೆ ಓಡುವ ಆತುರವಿಲ್ಲ. ಎಕ್ಕದ ಹಾಲು ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಳ್ಳಬೇಡಿ.

ರಾತ್ರಿಯ ಪತಂಗಕ್ಕೆ ಮಾಳಿಗೆ ಸಾಕು. ಬಿಳಿ ಪಂಚೆ ಇಳಿಬಿಟ್ಟು ಮುಂದೆ ಒಂದು ಬಲ್ಬು ಹಚ್ಚಿ, ಅಮಾವಾಸ್ಯೆಯ ಆಸುಪಾಸು, ಗಾಳಿ ಇಲ್ಲದ ಸೆಕೆಯ ರಾತ್ರಿ, ಏಳೂವರೆಯಿಂದ ಹತ್ತರ ತನಕ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ನೇರಳಾತೀತ ಬೆಳಕು ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಹುಳ ಹೆಚ್ಚು ಬರುವುದಿಲ್ಲ. ಹಳೆ ಸಿಎಫ್‌ಎಲ್ ಇದ್ದರೆ ಅದೇ ವಾಸಿ. ಮುಗಿದ ಮೇಲೆ ದೀಪ ಆರಿಸಿ ಪಂಚೆ ಮೆಲ್ಲಗೆ ಕೊಡವಿ, ಇಲ್ಲದಿದ್ದರೆ ಬೆಳಿಗ್ಗೆ ಕಾಜಾಣಕ್ಕೆ ಹಬ್ಬ.

ಮಳೆಯಲ್ಲಿ ಎರಿ ಮಣ್ಣು ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ, ಟ್ರೈಪಾಡ್ ಕಾಲು ಹೂತುಹೋಗುತ್ತದೆ. ಕಾಲಿನಡಿ ಒಡೆದ ಹೆಂಚಿನ ತುಂಡು ಇಡಿ. ಗಾಡಿಯನ್ನು ಡಾಂಬರು ಬಿಟ್ಟು ಇಳಿಸಲೇಬೇಡಿ. ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಮೊಣಕಾಲು ಊರುವ ಮುಂಚೆ ಕೋಲಿನಿಂದ ಬಡಿದು ನೋಡಿ, ಗಮ್ ಬೂಟ್ ಹಾಕಿ.

ಬಾವಿಯ ಮೇಲೆ ಬಾಗಿದ ಜಾಲಿ, ಈಚಲುಗಳಲ್ಲಿ ಜುಲೈನಿಂದ ಸೆಪ್ಟೆಂಬರ್ ತನಕ ಗೀಜಗನ ಕಟ್ಟಡ ಕೆಲಸ. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸಿ, ಹೆಣ್ಣು ಬಂದು ಒಪ್ಪಿದ ಮೇಲೆ ಉಳಿದರ್ಧ ಮುಗಿಸುತ್ತದೆ. ಶಿರಸ್ತ್ರಾಣದ ಆಕಾರದ ಆ ಅರ್ಧ ಗೂಡಿನ ಹಂತದಲ್ಲಿ ಹೋದರೆ ರೆಕ್ಕೆ ಬಡಿಯುತ್ತ ಜೋತಾಡುವ ಗಂಡಿನ ಚಿತ್ರ ಸಿಗುತ್ತದೆ. ಮರಿಯಾದ ಮೇಲೆ ಹೋದರೆ ಬರಿ ಓಡಾಟ. ಹದಿನೈದು ಮೀಟರ್ ದೂರ ಸಾಕು, ಕೊಂಬೆ ಕಡಿದು ದಾರಿ ಮಾಡಿಕೊಳ್ಳುವುದು ಬೇಡ.

ತೊಗರಿ ಹೂ ಬಿಟ್ಟಾಗ

ಹಸ್ತ, ಚಿತ್ತಿ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ತೊಗರಿ ಹೊಲ ಹಳದಿಯಾಗುತ್ತದೆ. ಜೇನು, ದುಂಬಿ, ಚಿಟ್ಟೆ ಎಲ್ಲ ಒಂದೇ ಕಡೆ. ಕಪ್ಪು ಮೈಗೆ ಕೇಸರಿ ಪಟ್ಟೆಯ ಬ್ಲಿಸ್ಟರ್ ಬೀಟಲ್ ಹೂ ತಿನ್ನುತ್ತ ಕೂತಿರುತ್ತದೆ. ಬೆಳಿಗ್ಗೆ ಜಡವಾಗಿರುವುದರಿಂದ ತೆಗೆಯುವುದು ಸುಲಭ. ಕೈಯಿಂದ ಮುಟ್ಟಬೇಡಿ, ಅದು ಬಿಡುವ ರಸಕ್ಕೆ ಚರ್ಮ ಬೊಬ್ಬೆ ಏಳುತ್ತದೆ. ಕಾಯಿಕೊರಕಕ್ಕೆ ಔಷಧ ಹೊಡೆಯುವ ಕಾಲವೂ ಇದೇ. ಹೊಲಕ್ಕೆ ಕಾಲಿಡುವ ಮುನ್ನ ಯಾವಾಗ ಹೊಡೆದರೆಂದು ಕೇಳಿ. ನಾಲ್ಕು ದಿನದೊಳಗೆ ಹೊಡೆದಿದ್ದರೆ ಬೇರೆ ಹೊಲ ನೋಡಿ, ಅಲ್ಲಿ ಹುಳವೂ ಇರುವುದಿಲ್ಲ.

ಕೇಳುವ ರೀತಿಯೂ ಮುಖ್ಯ. ದೊಡ್ಡ ಲೆನ್ಸ್ ಕಂಡರೆ ಹೊಲ ಅಳೆಯಲು ಬಂದವರೆಂದೇ ಎಣಿಸುತ್ತಾರೆ. “ಕಾಕಾ, ಬದುವಿನ ಮ್ಯಾಲ ಕುಂತು ಹಕ್ಕಿ ಫೋಟೋ ತಗೀತೀವ್ರಿ, ಪೈರಿನಾಗ ಇಳಿಯಂಗಿಲ್ಲ” ಎಂದು ಮೊದಲೇ ಹೇಳಿದರೆ ನೀಲಕಂಠ ದಿನಾ ಎಲ್ಲಿ ಕೂರುತ್ತದೆಂದು ಅವರೇ ತೋರಿಸುತ್ತಾರೆ.

ಕೆರೆ, ಹಳ್ಳದ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಗಳಿಗೂ ಇದು ಸುಗ್ಗಿ. ಹಾರಿಹೋದದ್ದರ ಬೆನ್ನು ಹತ್ತಬೇಡಿ, ಎಷ್ಟೋ ಜಾತಿಗಳು ಅದೇ ಕಡ್ಡಿಗೆ ಮರಳಿ ಬರುತ್ತವೆ. ಕಡ್ಡಿಗೆ ಫೋಕಸ್ ಮಾಡಿ ಕಾಯಿರಿ. ನಡುಮಧ್ಯಾಹ್ನ ಕೆಲವು ಬಾಲವನ್ನು ನೇರ ಸೂರ್ಯನ ಕಡೆಗೆ ಎತ್ತಿ ತಲೆಕೆಳಗಾದಂತೆ ನಿಲ್ಲುತ್ತವೆ, ಮೈಗೆ ಬಿಸಿಲು ಕಡಿಮೆ ತಾಗಲೆಂದು. ಮಧ್ಯಾಹ್ನದ ಹೊತ್ತಿಗೆ ಸಿಗುವ ಒಳ್ಳೆಯ ಚಿತ್ರ ಅದೊಂದೇ.

ಚಳಿಗಾಲ: ಜೋಳ, ಕಡಲೆ, ಕೆರೆ

ಜೋಳ ತೆನೆ ಕಟ್ಟಿ ಸೀತನಿಯ ಹದಕ್ಕೆ ಬಂದಾಗ ಗುಲಾಬಿ ಕಬ್ಬಕ್ಕಿಗಳ ಹಿಂಡು ಸಾವಿರಗಟ್ಟಲೆ ಇಳಿಯುತ್ತದೆ. ಮಧ್ಯ ಏಷ್ಯಾ ಕಡೆಯಿಂದ ಬರುವ ಈ ಹಕ್ಕಿಗಳು ಹೊಲಕ್ಕೆ ಬೀಳುವ ಮುನ್ನ ಬದುವಿನ ಮರವೊಂದರಲ್ಲಿ ಕಿಕ್ಕಿರಿದು ಕೂರುತ್ತವೆ. ಆ ಮರವನ್ನು ಹಿಂದಿನ ದಿನವೇ ಗುರುತಿಸಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ. ಹಿಂಡಿನ ಚಿತ್ರಕ್ಕೆ 600 ಎಂ.ಎಂ. ಬೇಡ, 70ರಿಂದ 200 ಸಾಕು. ಒಂದೇ ಎಚ್ಚರಿಕೆ: ಅಟ್ಟದ ಮೇಲೆ ಕವಣೆ ಹಿಡಿದು ನಿಂತವರ ಕಣ್ಣಿಗೆ ಬೀಳುವಂತೆ ನಿಲ್ಲಿ. ಕಲ್ಲು ಹಕ್ಕಿಯನ್ನಷ್ಟೇ ಹುಡುಕಿ ಬರುವುದಿಲ್ಲ.

ಕಡಲೆ, ಕುಸುಬಿ ಹೊಲಗಳ ಮೇಲೆ ಆಳೆತ್ತರದಲ್ಲಿ ತೇಲುತ್ತ ಸಾಲು ಹಿಡಿದು ಬರುವುದು ಸೆಳೆವ (ಹ್ಯಾರಿಯರ್ ಎಂಬ ಬೇಟೆಹಕ್ಕಿ). ಅದು ಬದುವಿನ ಗುಂಟ ಹೋಗಿ ತಿರುಗಿ ಬರುತ್ತದೆ. ಹಿಂದೆ ಓಡದೆ ಬದುವಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತರೆ ಎರಡನೇ ಸುತ್ತಿಗೆ ಎದುರಿಗೇ ಬರುತ್ತದೆ. 1/2500 ಇಡಿ. ನಡೆದು ಹತ್ತಿರ ಹೋಗಲೇಬೇಕಾದಲ್ಲಿ ನೇರ ಹೋಗದೆ ಓರೆಯಾಗಿ, ಹಕ್ಕಿಯನ್ನು ದಿಟ್ಟಿಸದೆ, ಹತ್ತು ಹೆಜ್ಜೆಗೊಮ್ಮೆ ಕೂತು ಸರಿಯಿರಿ.

ನೀರುಹಕ್ಕಿಗೆ ಯಾದಗಿರಿಯವರಿಗೆ ಸುರಪುರದ ಬಳಿಯ ಬೋನಾಳ ಕೆರೆ, ಬೀದರಿನವರಿಗೆ ಕಾರಂಜಾ ಹಿನ್ನೀರು, ಕಲಬುರಗಿಯವರಿಗೆ ಚಿಂಚೋಳಿ ಕಡೆಯ ಚಂದ್ರಂಪಳ್ಳಿ. ನವೆಂಬರಿನಿಂದ ಮಾರ್ಚ್ ನಡುವೆ ಬೋನಾಳದಲ್ಲಿ ಪಟ್ಟೆತಲೆ ಬಾತು ಕಾಣಬಹುದು. ಹಗಲೆಲ್ಲ ನೀರಿನ ನಡುವೆ ಮಲಗಿರುತ್ತವೆ, ಚಿತ್ರಕ್ಕೆ ದಕ್ಕುವುದು ಮೇಯ್ದು ಮರಳುವ ಮುಂಜಾವಿನ ಹಾರಾಟ. ಜನವರಿಯಲ್ಲಿ ಸೂರ್ಯೋದಯ 6:50ರ ಸುಮಾರಿಗೆ. ನೀವು ಆರಕ್ಕೇ ದಂಡೆಯಲ್ಲಿ ಕೂತಿರಬೇಕು. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಗಾಳಿ ನಿಮ್ಮ ಬೆನ್ನಿನಿಂದ ಬೀಸುವ ದಂಡೆ ಹಿಡಿದರೆ ಮುಖ ಕಾಣುತ್ತದೆ, ಎದುರು ದಂಡೆ ಹಿಡಿದರೆ ಬಾಲ.

ಚಳಿಗಾಲದ ಮುಂಜಾನೆ ಹುಳಕ್ಕೂ ಬಿಡಬಾರದ ಹೊತ್ತು. ಇಬ್ಬನಿ ಹೊತ್ತು ಹುಲ್ಲಿಗೆ ಅಂಟಿದ ಚಿಟ್ಟೆ ಬಿಸಿಲು ತಾಗುವ ತನಕ ಕದಲುವುದಿಲ್ಲ. ಟ್ರೈಪಾಡ್ ಹಾಕಿ, ಫ್ಲಾಶ್ ಬಿಟ್ಟು, ಕಣ್ಣಿನಿಂದ ರೆಕ್ಕೆಯ ಅಂಚಿನವರೆಗೆ ಫೋಕಸ್ ಸರಿಸುತ್ತ ಹತ್ತು–ಹದಿನೈದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬಹುದು. ಗಾಳಿ ಬಂದರೆ ಆ ಸರಣಿ ವ್ಯರ್ಥ.

ಕ್ಯಾಮರಾ, ಕಾನೂನು, ಹೆಜ್ಜೇನು

ಧೂಳು ಕೂತ ಲೆನ್ಸನ್ನು ಬಟ್ಟೆಯಿಂದ ಒರೆಸಬೇಡಿ, ಮೊದಲು ಬ್ಲೋವರ್. ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಕ್ಯಾಮರಾ ಬಿಡಬೇಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಕಾಳು ಗುಲಾಬಿಯಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಗೆ ಬೇಡ.

ಚಿಂಚೋಳಿ ವನ್ಯಜೀವಿ ಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯುವುದು ಮರಿಮಾಡುವ ಕಾಲದಲ್ಲಂತೂ ಬೇಡವೇ ಬೇಡ: ಮೊಟ್ಟೆ ಬಿಟ್ಟು ಹಕ್ಕಿ ಇಲ್ಲದ ವೈರಿಯ ಜೊತೆ ಜಗಳಕ್ಕೆ ಬರುತ್ತದೆ. ಬೀದರಿನಲ್ಲಿ ವಾಯುಪಡೆ ನಿಲ್ದಾಣದ ದಿಕ್ಕಿಗೆ ಉದ್ದ ಲೆನ್ಸ್ ಎತ್ತಬೇಡಿ, ಅಣೆಕಟ್ಟಿನ ಗೋಡೆ, ಗೇಟುಗಳ ಕಡೆಗೂ ಬೇಡ. ಕೋಟೆ, ನೀರಿನ ಟ್ಯಾಂಕು, ಹಳೆ ಕಟ್ಟಡಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಕೆಳಗೆ ನಿಂತು ಫ್ಲಾಶ್ ಹೊಡೆಯಬೇಡಿ. ಸೆಂಟು, ಅತ್ತರು ಹಾಕಿಕೊಂಡು ಹೋಗಬೇಡಿ. ಒಂದು ಕಚ್ಚಿದರೆ ಒರೆಸುತ್ತ ನಿಲ್ಲದೆ ಓಡಿ: ಮುಳ್ಳಿನ ಜೊತೆ ಬಿಟ್ಟ ವಾಸನೆಗೆ ಉಳಿದವು ಬರುತ್ತವೆ. ನೀರಿಗೆ ಹಾರುವ ಬದಲು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ.

ಫೈಲಿಗೆ ಹೆಸರಿಡುವಾಗ ದಿನಾಂಕ, ಊರಿನ ಜೊತೆ ಆ ಹೊಲದ ಬೆಳೆ ಯಾವ ಹಂತದಲ್ಲಿತ್ತೆಂದೂ ಬರೆಯಿರಿ: “ತೊಗರಿ ಹೂ”, “ಜೋಳ ಹಾಲ್ದೆನೆ”, “ಕಡಲೆ ಕಿತ್ತ ಹೊಲ”. ಮಳೆ ಹದಿನೈದು ದಿನ ಹಿಂದೆಮುಂದೆ ಆದ ವರ್ಷ ದಿನಾಂಕ ಕೈಕೊಡುತ್ತದೆ, ಬೆಳೆಯ ಗುರುತು ಕೊಡುವುದಿಲ್ಲ.